ಭರ್ತಿ ತೂಕ, ಖಾಲಿ ತೂಕ

ವಿರುಪಾಕ್ಷಪ್ಪ ಪಾಟೀಲನಿಗೆ ಜಗತ್ತಿನ ಮೇಲೆ ನಂಬಿಕೆ ಇರಲಿಲ್ಲ, ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ. ಗೊಬ್ಬರದ ಚೀಲ ಬಂದರೆ ಹೊಲಿಗೆ ಎರಡನೇ ಸಲ ಬಿದ್ದಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದ. ಬಸ್ಸು ಹತ್ತಿದರೆ ಟಿಕೆಟ್ಟಿನ ಮೇಲಿನ ತಾರೀಖು ಓದಿದ ನಂತರವೇ ಸೀಟಿಗೆ ಒರಗುತ್ತಿದ್ದ. ಮದುವೆಯಾಗಿ ನಲವತ್ತೊಂದು ವರ್ಷವಾಗಿದ್ದರೂ, ಹೆಂಡತಿ ಸಕ್ಕುಬಾಯಿ ಉಪ್ಪು ಹಾಕಿದ್ದೇನೆ ಎಂದ ಪಲ್ಯವನ್ನು ಮೊದಲು ಬೆರಳ ತುದಿಯಲ್ಲಿ ನೆಕ್ಕಿ, ಆಮೇಲೆ ರೊಟ್ಟಿ ಮುರಿಯುತ್ತಿದ್ದ. ಊರವರು ಹಿಂದಿನಿಂದ ನಗುತ್ತಿದ್ದರು. ಆದರೆ ಕಬ್ಬಿನ ಸೀಜನ್ ಶುರುವಾಯಿತೆಂದರೆ ನಗುತ್ತಿದ್ದ ಅದೇ ಜನ ಅವನ ಬೆನ್ನಿಗೆ ಬಂದು ನಿಲ್ಲುತ್ತಿದ್ದರು.

ಯಾಕೆಂದರೆ ಹಾರೂಗೇರಿ ಸುತ್ತಿನ ಕಬ್ಬಿನ ರೈತ ಬೇರೆ ಏನನ್ನು ನಂಬಿದರೂ ತೂಕವನ್ನು ನಂಬುವುದಿಲ್ಲ. ತುಂಬಿದ ಟ್ರೇಲರ್ ಸೀದಾ ಕಾರ್ಖಾನೆಗೆ ಹೋಗುವುದಿಲ್ಲ. ಹಾದಿಯಲ್ಲಿ ಹೊರಗಿನ ಕಾಟಾ, ಅಂದರೆ ಗಾಡಿ ತೂಗುವ ಹಲಗೆಯ ಮೇಲೆ ನಿಂತು ತೂಗಿಸಿ, ಚೀಟಿ ಇಸಿದುಕೊಂಡು, ಆಮೇಲೆ ಕಾರ್ಖಾನೆಯ ಕಾಟಾಕ್ಕೆ ಹೋಗುತ್ತದೆ. ಬರುವಾಗ ಖಾಲಿ ಟ್ರೇಲರನ್ನೂ ಹಾಗೆಯೇ ಎರಡು ಕಡೆ ತೂಗಿಸುತ್ತಾರೆ. ಭರ್ತಿ ತೂಕದಲ್ಲಿ ಖಾಲಿ ತೂಕ ಕಳೆದರೆ ರೈತನ ಕಬ್ಬು. ಎರಡೂ ಕಡೆಯ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಮನೆಯಲ್ಲಿ ಊಟ. ಈ ಪದ್ಧತಿಯನ್ನು ತನ್ನ ಊರಿಗೆ ಹಟ ಹಿಡಿದು ಕಲಿಸಿದವನು ವಿರುಪಾಕ್ಷಪ್ಪನೇ.

ಅಥಣಿ ರಸ್ತೆಯಲ್ಲಿ ಅಂಥ ಒಂದು ಕಾಟಾ ಶ್ರೇಣಿಕನದು. ಅದರ ಗಾಜಿನ ಕೋಣೆಯಲ್ಲಿ ಕುಳಿತು ಚೀಟಿ ಕೊಡುವವಳು ನೀಲಮ. ವಿರುಪಾಕ್ಷಪ್ಪನ ಹೊಲದಲ್ಲಿ ಮೂವತ್ತು ವರ್ಷದಿಂದ ದುಡಿಯುತ್ತಿರುವ ಭರಮುವಿನ ಮಗಳು. ತಾಯಿ ಅಕ್ಕುತಾಯಿ ಹಾಸಿಗೆ ಹಿಡಿದಾಗ ಬಿ.ಎಸ್ಸಿ. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟಿದ್ದಳು. ಭರಮು ಬಂದು, ಬಿಸಿಲಲ್ಲಿ ಬೇಡ, ಎಲ್ಲಾದರೂ ನೆರಳಿನ ಕೆಲಸ ಕೊಡಿಸಿ ಎಂದು ಕೈಮುಗಿದಾಗ, ಯಾರಿಗೂ ಯಾರ ಪರವಾಗಿಯೂ ಮಾತಾಡದ ವಿರುಪಾಕ್ಷಪ್ಪ ಜೀವನದಲ್ಲಿ ಒಮ್ಮೆ ಬಾಯಿಬಿಟ್ಟು ಶ್ರೇಣಿಕನಿಗೆ, "ಆಕಿ ನನ್ನ ಜಿಮ್ಮಾ" ಎಂದು ಹೊಣೆ ಹೊತ್ತಿದ್ದ. ಎರಡು ವರ್ಷವಾಗಿತ್ತು. ಒಂದು ಚೀಟಿಯ ಮೇಲೂ ತಕರಾರು ಬಂದಿರಲಿಲ್ಲ. ತಕರಾರೇ ಬರುವುದಿಲ್ಲವಲ್ಲ ಎಂಬುದು ಕೂಡ ಅವನನ್ನು ಆಗಾಗ ಕೊರೆಯುತ್ತಿತ್ತೆನ್ನಿ.

ಜನವರಿಯ ಒಂದು ಮಧ್ಯಾಹ್ನ ಅವನ ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಕಾಟಾ ಏರಿತು. ಹಿಂದಿನ ಗಾಲಿ ಹಲಗೆಯ ಮೇಲೆ ಪೂರ್ತಿ ಕುಂತಿದೆಯೇ ಎಂದು ನೋಡಲು ನೀಲಮ ಹೊರಗೆ ಹೋದಳು. ಚೀಟಿಗೆಂದು ಕೋಣೆಯೊಳಗೆ ಬಂದು ನಿಂತಿದ್ದ ವಿರುಪಾಕ್ಷಪ್ಪನ ಕಣ್ಣು ಮೇಜಿನ ಮೇಲೆ ತೆರೆದಿದ್ದ ಒಂದು ವಹಿಯ ಮೇಲೆ ಬಿತ್ತು. ಶಾಲೆಯ ಮಕ್ಕಳ ದಪ್ಪ ನೋಟ್‌ಬುಕ್ಕು. ನೀಟಾದ ಅಕ್ಷರದಲ್ಲಿ ಬರೆದಿತ್ತು: ಭರ್ತಿ ತೂಕ ೨೫ ಟನ್. ಖಾಲಿ ತೂಕ ೯ ಟನ್. ಹೋದದ್ದು ೧೬ ಟನ್. ಅದರ ಕೆಳಗೆ ಕೆಂಪು ಗೆರೆ ಎಳೆದು ಇನ್ನೊಂದು ಸಾಲು: ಖಾಲಿ ತೂಕ ಹೆಚ್ಚಾದಷ್ಟೂ ನಷ್ಟ.

ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. ಖಾಲಿ ತೂಕ ಹೆಚ್ಚು ತೋರಿಸಿದರೆ ಕಬ್ಬಿನ ತೂಕ ಕಡಿಮೆ ಬೀಳುತ್ತದೆ. ಇದು ಅವನೇ ಊರಿಗೆ ಹೇಳಿಕೊಟ್ಟ ಪಾಠ. ಆದರೆ ಹದಿನಾರು ಟನ್ "ಹೋದದ್ದು" ಎಂದರೆ ಎಲ್ಲಿಗೆ ಹೋದದ್ದು? ಯಾರ ಕಬ್ಬು? ಅಷ್ಟರಲ್ಲಿ ನೀಲಮ ಒಳಗೆ ಬಂದಳು. ಅವನು ನೋಡುತ್ತಿರುವುದನ್ನು ಕಂಡು ವಹಿಯನ್ನು ಥಟ್ಟನೆ ಮುಚ್ಚಿದಳು.

"ಏನ್ ಬರದೀ ಬೇ ಅದರಾಗ?" ಎಂದ.

"ಏನಿಲ್ರಿ ಕಾಕಾರ, ಹಂಗ ಸುಮ್ನ" ಎಂದಳು. ಮುಖ ಕೆಂಪಾಗಿತ್ತು.

ಸುಮ್ಮನೆಯಂತೆ! ತೆರೆದ ವಹಿಯನ್ನು ಬೇಕಾದರೆ ಅವನು ಇನ್ನೂ ಕ್ಷಮಿಸಿಬಿಡುತ್ತಿದ್ದ. ಮುಚ್ಚಿದ ವಹಿಯನ್ನು ಕ್ಷಮಿಸುವ ಜಾಯಮಾನ ಅವನದಲ್ಲ.

ಆ ದಿನ ಮನೆಗೆ ಬಂದವನೇ ಈ ಸೀಜನ್ನಿನ ಎಲ್ಲ ಚೀಟಿಗಳನ್ನು ಹಾಸಿಗೆಯ ಮೇಲೆ ಹರವಿದ. ಶ್ರೇಣಿಕನ ಕಾಟಾಕ್ಕೂ ಕಾರ್ಖಾನೆಯ ಕಾಟಾಕ್ಕೂ ಪ್ರತಿ ಸಲ ತೊಂಬತ್ತು ಕಿಲೋ, ನೂರು ಕಿಲೋ ಅಂತರವಿತ್ತು. ಅಂತರ ಎಂದಿಗೂ ಇದ್ದದ್ದೇ. ಹಾದಿಯಲ್ಲಿ ಕಬ್ಬಿನ ಒಣ ಸೋಗೆ, ರವದಿ, ಉದುರುತ್ತದೆ, ಬಿಸಿಲಿಗೆ ಕಬ್ಬು ಒಣಗುತ್ತದೆ, ನಾಲ್ಕು ಜಲ್ಲೆ ಹುಡುಗರ ಪಾಲಾಗುತ್ತವೆ. ನಿನ್ನೆಯವರೆಗೆ ಅದು ರವದಿಯಾಗಿತ್ತು, ಇಂದು ಅವಳು ಕಾರ್ಖಾನೆಯವರೊಡನೆ ಕೂಡಿ ಮಾಡಿದ ಕಳ್ಳತನವಾಯಿತು.

"ಏನ್ ಹುಡುಕಾಕತ್ತೀರಿ?" ಎಂದು ಸಕ್ಕುಬಾಯಿ ಕೇಳಿದಳು. ಅವನು ದನಿ ತಗ್ಗಿಸಿ ಎಲ್ಲ ಹೇಳಿದ.

"ಹಂಗಾರ ಆಕಿನ್ನ ಕೇಳ್ರಲ್ಲ, ಏನ್ ಬೇ ಇದು ಅಂತ. ಕಣ್ಣ ಮುಂದ ಬೆಳದ ಹುಡುಗಿ" ಎಂದಳು ಸಕ್ಕುಬಾಯಿ.

"ಕಳ್ಳರ್ನ ಕೇಳಿ ಹಿಡದಾರೇನ ಯಾರಾರ? ಕೇಳಿದ್ರ ವಹಿ ಸುಟ್ಟ ಹಾಕ್ತಾಳ."

ಅವನಿಗಿದ್ದ ಚಿಂತೆ ಅವಳಿಗೆ ಅರ್ಥವಾಗಲಿಲ್ಲ. ನೀಲಮಳನ್ನು ಆ ಕುರ್ಚಿಯಲ್ಲಿ ಕೂರಿಸಿದವನು ಅವನು. ನಾಳೆ ಬೇರೆ ಯಾರಾದರೂ ಹಿಡಿದರೆ, ಕಳ್ಳಿಯ ಜೊತೆ ಜಿಮ್ಮಾ ಹೊತ್ತವನ ಹೆಸರೂ ಸಂತೆಗೆ ಹೋಗುತ್ತದೆ. ಆದ್ದರಿಂದ ಹಿಡಿಯುವವನು ತಾನೇ ಆಗಬೇಕು, ಅದೂ ಬೇಗ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಲು ಶುರುಮಾಡಿದ. ತೂಗುವುದಿಲ್ಲದಿದ್ದರೂ ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಕೂರುತ್ತಿದ್ದ. ಗಾಡಿ ಇಲ್ಲದ ಹೊತ್ತಿನಲ್ಲಿ ನೀಲಮ ಮೊಬೈಲನ್ನು ನೀರಿನ ಬಾಟಲಿಗೆ ಆನಿಸಿ ನಿಲ್ಲಿಸುತ್ತಿದ್ದಳು. ಹತ್ತಿರ ಹೋಗಿ ಇಣುಕಿದರೆ, ಅದರಲ್ಲಿ ಯಾರೋ ಬಿಳಿಯ ಮನುಷ್ಯ ಕಪ್ಪು ಹಲಗೆಯ ಮೇಲೆ ಮೊಟ್ಟೆಯಂಥ ಸುತ್ತು ಬರೆದು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಅವಳು ನಡುನಡುವೆ ನಿಲ್ಲಿಸಿ, ಹಿಂದೆ ಸರಿಸಿ, ಅದನ್ನೇ ಮತ್ತೆ ಕೇಳಿ ಬರೆದುಕೊಳ್ಳುತ್ತಿದ್ದಳು. ಕೆಲವೊಮ್ಮೆ ಹೊಡೆದು ಹಾಕಿ ತಲೆ ಹಿಡಿದು ಕೂರುತ್ತಿದ್ದಳು. ಒಮ್ಮೆ ಒಬ್ಬಳೇ ನಕ್ಕಳು. ಆ ನಗುವಂತೂ ಅವನಿಗೆ ಒಂಚೂರೂ ಹಿಡಿಸಲಿಲ್ಲ.

ಭರಮು ಕಬ್ಬಿಗೆ ನೀರು ಬಿಡುವಾಗ ಬದುವಿನ ಮೇಲೆ ಹೋಗಿ ನಿಂತ. "ಮಗಳು ಏನೋ ಓದಾಕತ್ತಾಳಂತಲ್ಲೋ?" ಎಂದು ಏನೂ ಗೊತ್ತಿಲ್ಲದವನ ಹಾಗೆ ಕೇಳಿದ.

"ಹೌದ್ರಿ ಗೌಡ್ರ. ರಾಕೆಟ್ ಹಾರಸೂ ಲೆಕ್ಕ ಅಂತ್ರಿ. ಯಾವದೋ ದೇಶದ ದೊಡ್ಡ ಕಾಲೇಜಿನ ಪಾಠ ಮೊಬೈಲ್‌ನಾಗ ಫುಕಟ್ ಬರ್ತಾವಂತ. ಪುಸ್ತಕಾನೂ ಫುಕಟ್. ತಿಳೀದಿದ್ರ ಬರದ ಕೇಳಿದ್ರ ಯಾರ್ಯಾರೋ ಉತ್ತರಾನೂ ಕೊಡ್ತಾರಂತ್ರಿ" ಎಂದು ಭರಮು ಸಲಿಕೆ ಊರಿ ನಿಂತು ಹೆಮ್ಮೆಯಿಂದ ಹೇಳಿದ.

"ಕೊಟ್ಟೋರಿಗೇನ ಸಿಗತೈತಿ?"

"ಏನಿಲ್ರೆಪ್ಪ. ಸುಮ್ನ ಕಲಸ್ತಾರಂತ."

ವಿರುಪಾಕ್ಷಪ್ಪ ಒಳಗೊಳಗೇ ನಕ್ಕ. ಫುಕಟ್ ಕೊಡುವವರು ಈ ಭೂಮಿಯ ಮೇಲೆ ಯಾರಿದ್ದಾರೆ? ಕೊಟ್ಟವನಿಗೂ ಲಾಭವಿಲ್ಲ, ಕಲಿತವಳಿಗೂ ಲಾಭವಿಲ್ಲ, ಆದರೂ ತಿಂಗಳಾನುಗಟ್ಟಲೆ ಪಾಠ ನಡೆದಿದೆ! ಮೂರು ವರ್ಷದ ಕೂಸಿಗೆ ಹೇಳಿದರೂ ನಂಬದ ಮಾತು. ಬಡಪಾಯಿ ಭರಮುವಿಗೆ ಮಗಳು ಚೆನ್ನಾಗಿ ಟೋಪಿ ಹಾಕಿದ್ದಾಳೆ ಎಂದುಕೊಂಡ.

ಮರುದಿನ ಅವನು ಅರವತ್ತಾರು ವರ್ಷದಲ್ಲಿ ಮಾಡದ ಕೆಲಸ ಮಾಡಿದ. ನೀಲಮ ಗಾಲಿ ನೋಡಲು ಹೊರಗೆ ಹೋದಾಗ ವಹಿಯನ್ನು ಎತ್ತಿ ಟಾವೆಲ್ಲಿನ ಒಳಗೆ ಸುತ್ತಿಕೊಂಡ. ಕಳ್ಳಿಯನ್ನು ಹಿಡಿಯಲು ಕದ್ದದ್ದು ಕಳ್ಳತನವಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಮನಸ್ಸು ಒಪ್ಪಿತು. ಕಂಕುಳು ಮಾತ್ರ ಮನೆ ಮುಟ್ಟುವವರೆಗೆ ಬೆವರುತ್ತಿತ್ತು.

ವಹಿಯ ತುಂಬ ಅವನಿಗೆ ಓದಲಾಗದ ಗುರುತುಗಳು. ಓದಿಸಲು ನೇಮಿನಾಥ ಮಾಸ್ತರರ ಬಳಿಗೆ ಒಯ್ದ. ಮಾಸ್ತರರು ಹೈಸ್ಕೂಲಿನಲ್ಲಿ ಮೂವತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಯಾರ ವಹಿ ಎಂದು ಹೇಳದೆ, "ಇದೇನ ನೋಡ್ರಿ" ಎಂದು ಮುಂದಿಟ್ಟ. ಮಾಸ್ತರರು ಕನ್ನಡಕ ಏರಿಸಿ ಒಂದು ಪುಟ ಓದಿದರು, ಎರಡು ಓದಿದರು, ಆಮೇಲೆ ಎದುರಿಗೆ ಮನುಷ್ಯ ಕೂತಿದ್ದಾನೆ ಎಂಬುದನ್ನೇ ಮರೆತರು.

"ಗೌಡ್ರ, ಇದು ರಾಕೆಟ್ ಲೆಕ್ಕ. ಎಣ್ಣಿ ತುಂಬಿದಾಗ ಇಪ್ಪತ್ತೈದು ಟನ್, ಎಣ್ಣಿ ಸುಟ್ಟ ಮ್ಯಾಲ ಒಂಬತ್ತು. ಸುಟ್ಟ ಹೋದ ಹದಿನಾರರ ಬಲದ ಮ್ಯಾಲ ಅದರ ವೇಗ ಎಷ್ಟ ಬೆಳಿತೈತಿ ಅಂತ ತಗದಾಳ. ಇಲ್ಲಿ ಒಂದ ಕಡೆ ತಪ್ಪೇತಿ, ನೋಡ್ರಿ, ನಾಕ ಪುಟ ಆದ ಮ್ಯಾಲ ತಾನ ಹಿಡದ ತಿದ್ದ್ಯಾಳ. ಯಾರೂ ಹೇಳಿಕೊಟ್ಟಿಲ್ಲ! ಯಾರ್ರಿ ಈ ಹುಡುಗಿ?" ಮಾಸ್ತರರು ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. "ಎರಡ ದಿನಾ ಇಟ್ಟ ಹೋಗ್ರಿ, ನಾನೂ ಕಲಿತೇನಿ."

"ಹುಡುಗಿ ಅಂತ ನಿಮಗ ಹ್ಯಾಂಗ ಗೊತ್ತಾತು?" ಎಂದ ವಿರುಪಾಕ್ಷಪ್ಪ, ಕಣ್ಣು ಕಿರಿದು ಮಾಡಿ.

"ಒಳಗಿನ ಪುಟದಾಗ ಹೆಸರ ಬರದಾಳಲ್ರಿ!"

ಆ ಉತ್ತರವೂ ಅವನಿಗೆ ಸಾಲಲಿಲ್ಲ. ಮಾಸ್ತರರಿಗೂ ಕಾಟಾದವನಿಗೂ ನಂಟುಸ್ತನವಿದೆ, ಇಬ್ಬರೂ ಬಸದಿಗೆ ಕೂಡಿಯೇ ಹೋಗುತ್ತಾರೆ. ಇಷ್ಟು ಹೊಗಳಬೇಕಾದರೆ ಇವರೂ ಶಾಮೀಲೇ ಇರಬೇಕು. ವಹಿಯನ್ನು ಅವರ ಕೈಯಿಂದ ಹೆಚ್ಚುಕಮ್ಮಿ ಕಿತ್ತುಕೊಂಡೇ ಬಂದ.

ಮರುದಿನ ಬೆಳಿಗ್ಗೆ, ಮುಖ ನೋಡಿದರೆ ಅವನ ಪಾಲೂ ಗೊತ್ತಾಗುತ್ತದೆಂದು, ಶ್ರೇಣಿಕನ ಎದುರು ಪುಟ ತೆರೆದು ಹಿಡಿದ. ಶ್ರೇಣಿಕ ಮೊದಲು ನಕ್ಕ, ಓದುತ್ತ ಓದುತ್ತ ನಗು ನಿಂತಿತು.

"ಕಾಟಾ ಅಂದ್ರ ಬರೇ ಕಬ್ಬಿಣ ಅಲ್ರಿ ಗೌಡ್ರ, ಮಂದಿ ವಿಶ್ವಾಸ. ಇದು ಹೊರಗ ಬಿತ್ತಂದ್ರ ಒಂದ ಗಾಡೀನೂ ನನ್ನ ಕಡೆ ಬರಂಗಿಲ್ಲ. ಸಂಜೀಕ ರೈತರ್ನ ಕರೀರಿ. ಆಕಿ ಎಲ್ಲಾರ ಮುಂದ ತಾನು ಚೊಕ್ಕ ಅಂತ ತೋರಸಲಿ. ಇಲ್ಲಂದ್ರ ನಾಳೆಯಿಂದ ಆ ಕುರ್ಚಿಮ್ಯಾಲ ನಮ್ಮ ಅಳಿಯಾ ಸಮ್ಮೇದ ಕುಂದರ್ತಾನ."

ಸಂಜೆ ಐದೂವರೆಗೆ ಹನ್ನೆರಡು ಹದಿಮೂರು ರೈತರು ಕೂಡಿದರು. ಸಾಲಿನಲ್ಲಿ ನಿಂತಿದ್ದ ಟ್ರ್ಯಾಕ್ಟರುಗಳ ಡ್ರೈವರುಗಳೂ ಸೇರಿದರು. ಯಾರೋ ಹೇಳಿ ಭರಮುವೂ ಹೊಲದಿಂದ ಓಡುತ್ತ ಬಂದು, ಕೆಸರು ಕಾಲಲ್ಲೇ ಹಿಂದೆ ನಿಂತ. ಮಾಸ್ತರರನ್ನು ಮಾತ್ರ ವಿರುಪಾಕ್ಷಪ್ಪ ಬೇಕೆಂತಲೇ ಕರೆಯಲಿಲ್ಲ. ಎಲ್ಲರ ನಡುವೆ ನಿಂತು ಟಾವೆಲ್ಲಿನಿಂದ ವಹಿ ತೆಗೆದ.

ನೀಲಮ ಹಿಂದಿನ ದಿನದಿಂದ ಅದನ್ನು ಹುಡುಕುತ್ತಿದ್ದಳು. "ಅದು ನನ್ನ ವಹಿ. ನಿಮ್ಮ ಕೈಯಾಗ ಹ್ಯಾಂಗ ಬಂತ್ರಿ ಕಾಕಾರ?" ಎಂದಳು. ಅವನು ವಹಿ ಬಿಡಿಸಿ ಪುಟ ಹುಡುಕತೊಡಗಿದ.

ಅವನು ಆ ಪುಟವನ್ನು ಗಟ್ಟಿಯಾಗಿ ಓದಿದ. ಹದಿನಾರು ಟನ್ ಎಂದಾಗ ಗುಂಪಿನಲ್ಲಿ ಗುಲ್ಲೆದ್ದಿತು. ನೀಲಮ ಕೈಕಟ್ಟಿ ನಿಂತು ಹೇಳಿದಳು. ಪಾಠವೆಲ್ಲ ಇಂಗ್ಲಿಷಿನಲ್ಲಿದೆ, ತಲೆಗೆ ಹತ್ತುವುದಿಲ್ಲ, ಆದ್ದರಿಂದ ತನಗೆ ಗೊತ್ತಿರುವ ಮಾತಿನಲ್ಲಿ ಬರೆದುಕೊಂಡೆ, ದಿನವಿಡೀ ಭರ್ತಿ ತೂಕ ಖಾಲಿ ತೂಕ ಎನ್ನುವವಳಿಗೆ ಬೇರೆ ಮಾತು ಎಲ್ಲಿಂದ ಬರಬೇಕು ಎಂದಳು. ರಾಕೆಟ್ಟಿನ ಎಣ್ಣೆ ಉರಿದು ಹೋಗುತ್ತದೆ, ಅದೇ ಹೋದದ್ದು, ಖಾಲಿ ರಾಕೆಟ್ಟು ಭಾರವಾದಷ್ಟೂ ವೇಗ ನಷ್ಟ ಎಂದಳು.

"ಕಾಟಾದಾಗ ಕುಂತ ರಾಕೆಟ್ ಬಿಡ್ತಾಳಂತ!" ಎಂದ ಒಬ್ಬ. ನಗು ಹರಡಿತು.

"ಇರ್ಲಿ. ಇದು ಖರೇನ ಆಕಾಶದ ಲೆಕ್ಕ ಅಂತ ಹ್ಯಾಂಗ ತೋರಸ್ತಿ?" ಎಂದ ವಿರುಪಾಕ್ಷಪ್ಪ.

ಅವಳು ವಹಿ ಇಸಿದುಕೊಂಡು ಕೊನೆಯ ಪುಟಗಳನ್ನು ತಿರುವಿದಳು. "ಮಂದಿ ಇರೂ ಸ್ಟೇಶನ್ ಒಂದು ಭೂಮಿ ಸುತ್ತ ತಿರಗತೈತ್ರಿ. ಅದು ನಮ್ಮ ಹಾರೂಗೇರಿ ಮ್ಯಾಲ ಯಾವಾಗ ಹೊಕ್ಕೈತಿ ಅಂತ ನಾನ ಲೆಕ್ಕಾ ಹಾಕೇನಿ. ಇವತ್ತ ಸಂಜೀಕ ಏಳು ಗಂಟಿ ನಾಕ ನಿಮಿಷಕ್ಕ ವಾಯವ್ಯದ ಕಡಿಂದ ಏಳತೈತಿ. ನೆತ್ತಿ ಮ್ಯಾಲ ಹಾದ ಹೊಕ್ಕೈತಿ. ಆದ್ರ ಮುಳುಗಂಗಿಲ್ಲ, ಆಗ್ನೇಯಕ್ಕ ಹೋಗಿ ನಡುವ ಆರತೈತಿ. ಅಲ್ಲಿ ಅದು ಭೂಮಿ ನೆರಳಿನಾಗ ಹೊಕ್ಕೈತ್ರಿ." ಪುಟದ ತುದಿಯ ತಾರೀಖಿನ ಮೇಲೆ ಬೆರಳಿಟ್ಟಳು. "ಆದ್ರ ನನ್ನ ಅಂಕಿ ಹನ್ನೆರಡ ದಿನದ ಹಿಂದಿನವು. ನಡುವ ಅದನ್ನ ಎಂಜಿನ್ ಹಚ್ಚಿ ಮ್ಯಾಲ ದೂಡಿದ್ರ ಟೈಮ್ ತಪ್ಪತೈತಿ. ಮೊಬೈಲ್ ತಗಿಯಾಕ ಒಂದ ನಿಮಿಷ ಕೊಡ್ರಿ, ಹೊಸಾವ ನೋಡಿ ತಿದ್ದತೇನಿ."

"ಮೊಬೈಲ್ ಮುಟ್ಟಂಗಿಲ್ಲ. ಮೊಬೈಲ್ ನೋಡಿ ನಾನೂ ಹೇಳತೇನಿ. ಲೆಕ್ಕ ನಿಂದಾದ್ರ ವಹಿ ಸಾಕು" ಎಂದ ವಿರುಪಾಕ್ಷಪ್ಪ.

ಭಲೇ ಗೌಡ್ರ ಎಂದರು ಜನ. ಅವಳ ಮೊಬೈಲು ಶ್ರೇಣಿಕನ ಕಿಸೆ ಸೇರಿತು. ಸಮಯ ನೋಡುವುದಕ್ಕೂ ಬೇರೆ ಯಾರ ಮೊಬೈಲೂ ಬೇಡ ಎಂದು ವಿರುಪಾಕ್ಷಪ್ಪ ತನ್ನ ಕೈಗಡಿಯಾರವನ್ನೇ ಮುಂದೆ ಮಾಡಿದ. ದಿನಾ ಬೆಳಿಗ್ಗೆ ರೇಡಿಯೋ ಸಮಯಕ್ಕೆ ಹೊಂದಿಸುತ್ತಿದ್ದ ಗಡಿಯಾರ ಅದು, ಅವನು ನಂಬುತ್ತಿದ್ದ ಒಂದೇ ಯಂತ್ರ.

ಹೊತ್ತು ಮುಳುಗಿ ಕತ್ತಲಾಯಿತು. ಏಳು ಗಂಟೆಗೆ ಎಲ್ಲರೂ ಕಬ್ಬಿನ ಗಾಡಿಗಳ ಆಚೆ ನಿಂತು ವಾಯವ್ಯಕ್ಕೆ ಮುಖಮಾಡಿದರು. ಏಳೂ ನಾಲ್ಕಾಯಿತು. ಏನೂ ಇಲ್ಲ. ಏಳೂ ಐದು. ಒಬ್ಬ ಸಿಳ್ಳೆ ಹಾಕಿದ. "ರಾಕೆಟ್ ಪಂಕ್ಚರ್ ಆತೇನವಾ?" ಎಂದ ಇನ್ನೊಬ್ಬ. ಟ್ರ್ಯಾಕ್ಟರುಗಳು ಶುರುವಾದವು, ದೀಪ ಹತ್ತಿದವು, ಜನ ಚಹಾದಂಗಡಿಗೆ ತಿರುಗಿದರು. ಶ್ರೇಣಿಕ ಕೋಣೆಯ ಕೀಲಿಗಾಗಿ ಕೈ ಚಾಚಿದ, ನೀಲಮ ಕೊಟ್ಟಳು. "ಇನ್ನ ಸ್ವಲ್ಪ ನಿಲ್ರಿ, ಹನ್ನೆರಡ ದಿನದ ಅಂಕಿ ಅಂತ ಹೇಳಿದ್ನೆಲ್ರಿ" ಎಂದು ಅವಳು ಹೇಳುತ್ತಲೇ ಇದ್ದಳು, ಕೇಳುವವರಿರಲಿಲ್ಲ. ಭರಮು ತಲೆ ಎತ್ತದೆ ಮಗಳ ಕೈ ಹಿಡಿದು, ಆಗಷ್ಟೇ ಬಂದು ನಿಂತ ಊರಿನ ಬಸ್ಸಿಗೆ ಹತ್ತಿಸಿಕೊಂಡು ಹೋದ. ಅವಳ ಕೈಯಿಂದ ಜಾರಿದ ವಹಿ ಬಿದ್ದಲ್ಲೇ ಬಿದ್ದಿತ್ತು. ವಿರುಪಾಕ್ಷಪ್ಪ ಎತ್ತಿಕೊಂಡ.

ಗೆದ್ದವನು ಅವನು. ಚಹಾ ಕುಡಿಯಲು ನಾಲ್ಕು ಕಡೆಯಿಂದ ಕರೆ ಬಂತು. ಆದರೆ ಅವನು ಹೋಗಲಿಲ್ಲ. ಎಲ್ಲರೂ ಇಷ್ಟು ಬೇಗ ಒಪ್ಪಿದ್ದೇ ಅವನಿಗೆ ಸರಿಬರಲಿಲ್ಲ. ಸುಳ್ಳು ಹೇಳುವವಳು ಏಳೂ ನಾಲ್ಕು ಎಂದು ಯಾಕೆ ತನ್ನ ಕೊರಳಿಗೆ ತಾನೇ ಉರುಲು ಬಿಗಿದುಕೊಳ್ಳುತ್ತಾಳೆ? ಇವತ್ತು ಮೋಡ, ನಾಳೆ ನೋಡೋಣ ಎನ್ನುತ್ತಿದ್ದಳು. ಅವಳ ಮುಖ ಸಿಕ್ಕಿಬಿದ್ದ ಕಳ್ಳರ ಮುಖದ ಹಾಗಿರಲಿಲ್ಲ. ಇದರಲ್ಲೂ ಏನೋ ಮೋಸವಿದೆ ಎನ್ನಿಸಿತು. ದೀಪಗಳ ಬೆಳಕು ಬೀಳದ ಕಡೆ, ಹೊಲದ ಬದುವಿನ ತನಕ ನಡೆದುಹೋಗಿ ಒಬ್ಬನೇ ನಿಂತ.

ವಾಯವ್ಯದಲ್ಲಿ, ದೂರದ ಬೇವಿನ ಮರದ ಪಕ್ಕದಿಂದ ಒಂದು ಬೆಳಕು ಎದ್ದಿತು. ವಿಮಾನ ಎಂದುಕೊಂಡ. ವಿಮಾನದ ದೀಪ ಮಿಣಮಿಣ ಅನ್ನುತ್ತದೆ, ಇದು ಮಿಣುಕಲಿಲ್ಲ. ಸಪ್ಪಳವೂ ಇಲ್ಲ. ಬ್ಯಾಟರಿ ಹಚ್ಚಿ ಗಡಿಯಾರ ನೋಡಿದ: ಏಳು ಗಂಟೆ ಎಂಟು ನಿಮಿಷ, ಇಪ್ಪತ್ತು ಸೆಕೆಂಡು. ಬೆಳಕು ಬೆಳೆಯುತ್ತ, ಶುಕ್ರನಿಗಿಂತಲೂ ದೊಡ್ಡದಾಗಿ ನೆತ್ತಿಯ ಮೇಲೆ ಬಂತು. ಟೊಪ್ಪಿಗೆ ಜಾರಿ ಬಿತ್ತು, ಅವನು ಎತ್ತಿಕೊಳ್ಳಲಿಲ್ಲ. ಆಗ್ನೇಯಕ್ಕೆ ಇಳಿಯುತ್ತ, ಇಳಿಯುವ ದಾರಿ ಇನ್ನೂ ಅರ್ಧ ಬಾಕಿಯಿರುವಾಗಲೇ, ಕಂದೀಲಿನ ಬತ್ತಿ ಇಳಿಸಿದ ಹಾಗೆ ಸಣ್ಣಗಾಗಿ ಆರಿಹೋಯಿತು. ಅವಳು ಹೇಳಿದ್ದಳು. ಮುಳುಗುವುದಿಲ್ಲ, ನಡುವೆ ಆರುತ್ತದೆ ಎಂದು ಎಲ್ಲರ ಮುಂದೆ ಹೇಳಿದ್ದಳು.

ವಿರುಪಾಕ್ಷಪ್ಪನಿಗೆ ಮೊದಲ ಬಾರಿ ತನ್ನ ಬಗ್ಗೆ ಹೇಸಿಗೆ ಬಂತು. ಮೊಬೈಲ್ ಮುಟ್ಟಬಾರದು ಎಂದವನು ಅವನು. ಒಂದು ನಿಮಿಷ ಕೊಟ್ಟಿದ್ದರೆ ಅವಳು ತಿದ್ದಿಕೊಳ್ಳುತ್ತಿದ್ದಳು. ಹಿಂದಿರುಗಿ ನೋಡಿದ. ಚಹಾದಂಗಡಿಯಲ್ಲಿ ನಗು ನಡೆದೇ ಇತ್ತು. ಒಬ್ಬನೂ ಮೇಲೆ ನೋಡಿರಲಿಲ್ಲ. ತಾನು ಸುಮ್ಮನಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಕಳ್ಳಿಯನ್ನು ಹಿಡಿದ ಗೌಡನಾಗಿಯೇ ಉಳಿಯಬಹುದು.

ಮನೆಗೆ ಬಂದು ತಾಟಿನ ಮುಂದೆ ಕೂತವನು ಊಟ ಮುಟ್ಟಲಿಲ್ಲ. ಸಕ್ಕುಬಾಯಿಗೆ ಹೇಳಿದ. ಅವಳು ತಾಟನ್ನು ಪಕ್ಕಕ್ಕೆ ಸರಿಸಿ, "ಮದಲ ಆಕಿನ್ನ ಕೇಳ್ರಿ ಅಂದಿದ್ನಿ" ಎಂದಳು, "ಈಗರ ಮಂದಿಗೆ ಹೇಳ್ರಿ."

ಬೆಳಿಗ್ಗೆ ಕಾಟಾಕ್ಕೆ ಹೋದಾಗ ಕುರ್ಚಿಯ ಮೇಲೆ ಸಮ್ಮೇದ ಕೂತಿದ್ದ. ವಿರುಪಾಕ್ಷಪ್ಪ ಸಾಲಿನಲ್ಲಿ ನಿಂತ ರೈತರನ್ನು ಕೂಗಿ ಕರೆದ. ಬೆಳಕು ಬಂತು, ನಾಲ್ಕು ನಿಮಿಷ ತಡವಾಗಿ ಬಂತು, ತಾನು ಕಣ್ಣಾರೆ ಕಂಡೆ, ಹುಡುಗಿಯ ತಪ್ಪಿಲ್ಲ, ವಹಿಯನ್ನು ಅವಳ ಮೇಜಿನಿಂದ ಕದ್ದವನು ತಾನು ಎಂದು ಹೇಳಿದ. ಇಷ್ಟು ಉದ್ದದ ಸತ್ಯವನ್ನು ಅವನು ತನ್ನ ವಿರುದ್ಧ ಎಂದೂ ಹೇಳಿರಲಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿದರು. "ಮತ್ಯಾರ ನೋಡ್ಯಾರ್ರಿ ಗೌಡ್ರ?" ಎಂದು ಒಬ್ಬ ಕೇಳಿದ.

"ಯಾರೂ ಇಲ್ಲ. ನಾ ಒಬ್ಬನ."

"ಮತ್ತ ಒಬ್ಬರು ಹೇಳಿದ್ದನ್ನ ನಂಬಬ್ಯಾಡ್ರಿ ಅಂತ ನೀವ ಹೇಳಿಕೊಟ್ಟೀರಲ್ರಿ ನಮಗ."

ಹಿಂದಿನ ಸಾಲಿನಿಂದ ತಗ್ಗಿದ ದನಿಯಲ್ಲಿ, ಆದರೆ ಅವನಿಗೆ ಕೇಳಲಿ ಎಂತಲೇ, ಇನ್ನೊಬ್ಬ ಹೇಳಿದ: "ಆಕಿನ್ನ ಕುಂದ್ರಿಸಿದವರ ಇವರು. ಭರಮು ಇವರ ಆಳು. ರಾತ್ರಿ ಬಂದು ಕಾಲ ಹಿಡದಿರಬೇಕು. ಇಲ್ಲಾಂದ್ರ ಇವರಿಗೂ ಪಾಲ ಐತೋ ಏನೋ."

ವಿರುಪಾಕ್ಷಪ್ಪ ಆ ಸಾಲಿನತ್ತ ತಿರುಗಿದ. ಕೋಪ ಬರಬೇಕಿತ್ತು, ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಇದನ್ನೇ ಹೇಳುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಶ್ರೇಣಿಕ ಬಂದು ಮೆಲ್ಲಗೆ ತೋಳು ಹಿಡಿದು, "ಬಿಡ್ರಿ ಗೌಡ್ರ, ಗಾಡಿ ನಿಂತಾವ" ಎಂದ. ಅವಳನ್ನು ಆ ಕುರ್ಚಿಯಿಂದ ಎಬ್ಬಿಸಲು ಅವನ ಒಂದು ಮಾತು ಸಾಕಾಗಿತ್ತು. ಮತ್ತೆ ಕೂರಿಸಲು ಅವನ ಎಲ್ಲ ಮಾತೂ ಸೇರಿ ಸಾಲಲಿಲ್ಲ.

ಅವಳ ಮೊಬೈಲನ್ನು ಶ್ರೇಣಿಕನಿಂದ ಇಸಿದುಕೊಂಡು, ವಹಿಯ ಜೊತೆ ಹಿಡಿದು, ಅಲ್ಲಿಂದ ಸೀದಾ ಭರಮುವಿನ ಮನೆಗೆ ನಡೆದ. ಮೂವತ್ತು ವರ್ಷ ಭರಮು ಅವನ ಅಂಗಳಕ್ಕೆ ಬಂದಿದ್ದ. ಅವನು ಭರಮುವಿನ ಅಂಗಳಕ್ಕೆ ಒಂದು ದಿನವೂ ಹೋಗಿರಲಿಲ್ಲ, ಮನೆ ಯಾವುದೆಂದು ಕೇಳಿಕೊಂಡು ಹೋಗಬೇಕಾಯಿತು. ನೀಲಿ ಗೋಡೆ, ಬುದ್ಧನ ಫೋಟೋ, ಗೋಡೆಗೆ ಒರಗಿ ಕೂತ ಅಕ್ಕುತಾಯಿ. ಅವನನ್ನು ಕಂಡು ಅವಳು ಏಳಲು ಹೋದಳು, ಬೇಡ ಎಂದು ಕೈಮಾಡಿದ. ಭರಮು ನೀರು ತಂದುಕೊಟ್ಟ. ಕುಡಿದ.

ನೀಲಮ ಒಳಗಿನಿಂದ ಬಂದಳು. ಕಣ್ಣು ಊದಿದ್ದವು. ಅವನು ವಹಿಯನ್ನೂ ಮೊಬೈಲನ್ನೂ ಎರಡೂ ಕೈಯಿಂದ ಮುಂದೆ ಹಿಡಿದ.

"ತಪ್ಪಾತು ಬೇ ಯವ್ವಾ" ಎಂದ. "ಅದು ಬಂದಿತ್ತು. ನೀವು ಬಸ್ ಹತ್ತಿದ ಮ್ಯಾಲ ಬಂತು."

ಅವಳು ವಹಿ ಇಸಿದುಕೊಳ್ಳುವುದನ್ನೂ ಮರೆತು ನಿಂತಳು. "ಬಂತಾ? ಎಷ್ಟಕ್ಕ ಬಂತ್ರಿ?"

"ಏಳೂ ಎಂಟಕ್ಕ. ಮ್ಯಾಲ ಇಪ್ಪತ್ತ ಸೆಕೆಂಡ್."

"ನಡುವ ಆರಿತೇನ್ರಿ? ಎಷ್ಟ ಎತ್ತರದಾಗ?"

ಅವನು ಬಾಗಿಲ ಹೊರಗೆ ಬಂದು ಕೈಯೆತ್ತಿ ತೋರಿಸಿದ. ಅವಳು ಆ ಕೈಯ ಉದ್ದಕ್ಕೂ ಕಣ್ಣು ಹಾಯಿಸಿ ಅಳೆದಳು. ಆಮೇಲೆ ವಹಿ ಇಸಿದುಕೊಂಡು ಹೊಸ್ತಿಲ ಮೇಲೆಯೇ ಕೂತು, ಅದನ್ನು ಬಿಡಿಸಿ, ಬಗ್ಗಿ ಬರೆಯತೊಡಗಿದಳು.

"ದೂಡಿರಬೇಕ್ರಿ ಅದನ್ನ, ನಡುವ. ಸುತ್ತು ದೊಡ್ಡದಾಗಿ ತಡಾ ಆಗೈತಿ" ಎಂದು ತನಗೆ ತಾನೇ ಹೇಳಿಕೊಂಡಳು. ಅವಳ ದನಿಯಲ್ಲಿ ನಿನ್ನೆಯ ಅವಮಾನ ಒಂದು ಗಳಿಗೆ ಇರಲೇ ಇಲ್ಲ.

ವಿರುಪಾಕ್ಷಪ್ಪನಿಗೆ ಅದನ್ನು ತಾಳಿಕೊಳ್ಳಲಾಗಲಿಲ್ಲ. "ಬೆಳಿಗ್ಗೆ ಎಲ್ಲಾರಿಗೂ ಹೇಳೇನಿ. ಒಬ್ಬರೂ ನಂಬಲಿಲ್ಲ. ನಿನ್ನ ಕುರ್ಚಿ ನನ್ನಿಂದ ಹೋತು, ನನ್ನಿಂದ ತಿರಗಿ ಬರವಲ್ದು. ನಾ ಒಬ್ಬನ ನೋಡಿದ್ದು, ಸಾಕ್ಷಿ ಇಲ್ಲ. ನೀನರ ಯಾಕ ನಂಬಿ ಬರಕೊಳ್ಳಾಕತ್ತೀ?"

ನೀಲಮ ತಲೆಯೆತ್ತಿ ಅವನನ್ನು ನೋಡಿದಳು. ಪ್ರಶ್ನೆ ಅರ್ಥವಾಗದವರ ಹಾಗೆ ನೋಡಿದಳು.

"ನೀವು ನೋಡೀರಲ್ರಿ ಕಾಕಾರ" ಎಂದಳು.

ಮತ್ತೆ ಬಗ್ಗಿದಳು. ತನ್ನ ಲೆಕ್ಕ ಏಳೂ ನಾಲ್ಕು, ಕಂಡದ್ದು ಏಳೂ ಎಂಟು ಇಪ್ಪತ್ತು ಎಂದು ಬರೆದು, ಅಂತರವನ್ನು ಕಳೆದು, ಅದರ ಕೆಳಗೆ ನಿಧಾನವಾಗಿ ಇನ್ನೊಂದು ಸಾಲು ಸೇರಿಸಿದಳು: ನೋಡಿದವರು, ವಿರುಪಾಕ್ಷಪ್ಪ ಪಾಟೀಲ. ತನ್ನ ಹೆಸರನ್ನು ಅವನು ಎರಡು ಸಲ ಓದಿದ. ಆಮೇಲೆ ಭರಮುವಿನ ಎದುರಿಗೇ, ಅಕ್ಕುತಾಯಿಯ ಎದುರಿಗೇ, ಟಾವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.